ಗೆಳೆಯನಿಗೊಂದು ಪತ್ರ: ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳದೆ ಉಳಿದ ಮಾತು

ಪ್ರಿಯ ಗೆಳೆಯಾ,

ನಿನ್ನ ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷಾಂತಿಕದ ದಿನ ಗೊತ್ತಾದೊಡನೆ ತಿಳಿಸುತ್ತೇನೆಂದು ಮೊನ್ನೆ ನೀನು ಫೋನಿನಲ್ಲಿ ಹೇಳಿದಾಗ ನಾನು ‘ಹೂಂ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ನಾನು ಸುಮ್ಮನಿದ್ದದ್ದು ನಿನ್ನೊಬ್ಬನ ಮುಂದೆ ಮಾತ್ರವಲ್ಲವಾದ್ದರಿಂದ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ನಾವಿಬ್ಬರೂ ಕುಳಿತಿದ್ದ ಆ ಸಂಜೆ ನಿನಗೆ ನೆನಪಿದೆಯೇ? ನಮ್ಮ ನಡುವೆ ಒಂದು ಸ್ಟೀಲಿನ ಡಬ್ಬಿ ಇತ್ತು. ಅಮ್ಮ ಎರಡು ಚಮಚಕ್ಕಿಂತ ಹೆಚ್ಚು ಕುಡಿಯಲಾಗದೆ ಬಿಟ್ಟಿದ್ದ ಗಂಜಿ ಅದರೊಳಗೆ ಆರಿ, ಮೇಲೆ ಕೆನೆಗಟ್ಟಿತ್ತು. ನೀನು ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ, “ಪ್ರತಿ ಭಾನುವಾರ ಚರ್ಚಿಗೆ ಹೋಗಿ ಕೇಳಿಕೊಳ್ಳುತ್ತೀಯಲ್ಲ, ನಿಜವಾಗಿ ಯಾರಾದರೂ ಕೇಳಿಸಿಕೊಳ್ಳುತ್ತಾರೆಯೇ?” ಎಂದೆ. ಮೂವತ್ತು ವರ್ಷಗಳ ಸ್ನೇಹದಲ್ಲಿ ನನ್ನ ನಂಬಿಕೆಯ ವಿಷಯವಾಗಿ ನೀನು ಕೇಳಿದ ಮೊದಲ ಪ್ರಶ್ನೆ ಅದು. ನಾನು, “ಎಲ್ಲ ದೇವರೂ ಒಂದೇ ಅಲ್ಲವೇನೋ, ಧೈರ್ಯ ತಂದುಕೋ” ಎಂದೆ. ಆಮೇಲೆ ಡಬ್ಬಿ ತೊಳೆಯುವ ನೆಪ ಮಾಡಿಕೊಂಡು ಎದ್ದು ಹೋದೆ.

ಅದು ಸೌಜನ್ಯದ ಮಾತೆಂದು ನೀನು ತಿಳಿದಿರಬಹುದು. ಇಷ್ಟು ದಿನ ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲ, ಅದು ಹೆದರಿಕೆಯ ಮಾತು.

ನಮ್ಮ ಕಡೆಯ ಕ್ರೈಸ್ತರಿಗೆ ಒಂದು ಅಭ್ಯಾಸವಿದೆ. ಯಾರಾದರೂ ನಮ್ಮ ಧರ್ಮದ ಮಾತೆತ್ತಿದರೆ ಕೂಡಲೇ ಮಿಷನರಿ ಕಿಟ್ಟೆಲರ ಕನ್ನಡ ನಿಘಂಟನ್ನು ಮುಂದೆ ಹಿಡಿಯುತ್ತೇವೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, 1843ರಲ್ಲಿ ಮೊಗ್ಲಿಂಗರು ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’, 1865ರ ಹೆಂಚಿನ ಕಾರ್ಖಾನೆ, 1894ರ ನಿಘಂಟು, ಹೀಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಕಾಲೇಜಿನ ದಿನಗಳಿಂದ ನಾನು ಅದನ್ನು ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ನೀನೇ ಸಾಕ್ಷಿ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವರೆಲ್ಲ ಸಮುದ್ರ ದಾಟಿ ಬಂದದ್ದು ಕನ್ನಡದ ಪದಗಳನ್ನು ಎಣಿಸುವುದಕ್ಕಲ್ಲ, ಯೇಸುವಿನ ಸುವಾರ್ತೆಯನ್ನು ಸಾರುವುದಕ್ಕೆ ಎಂಬ ಒಂದು ವಾಕ್ಯವನ್ನು ಮಾತ್ರ ನಾನು ಯಾವಾಗಲೂ ನುಂಗಿಕೊಂಡೆ. ನಿಘಂಟು ಹೊರಬರುವುದಕ್ಕೆ ಎಷ್ಟೋ ಮೊದಲು, 1862ರಲ್ಲಿ, ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು. ಹೇಳಲೇಬೇಕಾದ ಒಂದು ಸಂಗತಿ ಇದ್ದುದರಿಂದಲೇ ಅವರು ಈ ಭಾಷೆಯನ್ನು ಅಷ್ಟು ಪ್ರೀತಿಯಿಂದ ಕಲಿತರೆಂದು ನನಗೆ ಅನ್ನಿಸುತ್ತದೆ. ಭಾಷೆಯನ್ನು ಹುಟ್ಟಿನಿಂದಲೇ ಪಡೆದ ನಾನು ಆ ಸಂಗತಿಯನ್ನು ಬಚ್ಚಿಟ್ಟುಕೊಂಡೆ.

ಜಾತ್ರೆಗಳಲ್ಲಿ ನಿಂತು ಸಾರುತ್ತಿದ್ದ, ಅದೇ ಮಿಷನ್ನಿನ ಹೆಬಿಕ್‌ರಂತಹವರ ದಿಟ್ಟತನ ನನಗೆ ಬಾರದು. ಇನ್ನೊಬ್ಬರ ದೇವರನ್ನು ಹಳಿಯುವ ಬೋಧನೆ ಎಲ್ಲಿ ಕೇಳಿದರೂ ನನಗೆ ನೋವಾಗುತ್ತದೆ, ಅದನ್ನು ಧೈರ್ಯವೆಂದು ನಾನು ಕರೆಯಲಾರೆ. ಸುವಾರ್ತೆ ಸಾರಲು ಬಂದ ಮೊಗ್ಲಿಂಗರೇ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಹೇಳುವವನಿಗೆ ಕೇಳುವ ಕಿವಿಯೂ ಇರಬೇಕೆಂದು ಅವರಿಗೆ ತಿಳಿದಿತ್ತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧದ ಕಾಯಿದೆ ಬಂದ ಮೇಲೆ ನಮ್ಮ ಸಭೆಯ ಹಿರಿಯರು “ಮಾತಿನಲ್ಲಿ ಜೋಪಾನ” ಎಂದು ಎಚ್ಚರಿಸಿದರು. ಸಂವಿಧಾನದ 25ನೆಯ ವಿಧಿಯಲ್ಲಿ ಧರ್ಮವನ್ನು ಪ್ರಸಾರ ಮಾಡುವ ಹಕ್ಕು ಇದೆ. ಆ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆ. ನಿನ್ನನ್ನು ಮತಾಂತರಿಸುವುದು ನನ್ನ ಕೈಯಲ್ಲಿಲ್ಲ. ಅದು ಮನುಷ್ಯನ ಕೆಲಸವೆಂದು ನಾನು ನಂಬುವುದೂ ಇಲ್ಲ. ಆದರೆ ಆ ಸಂಜೆ ನನ್ನ ಬಾಯಿ ಕಟ್ಟಿದ್ದು ಯಾವ ಕಾಯಿದೆಯೂ ಅಲ್ಲ. ಯೇಸುವಿನ ಶಿಷ್ಯ ಪೇತ್ರನು ಬೈಬಲ್ಲಿನ ತನ್ನ ಪತ್ರದಲ್ಲಿ, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕರಾಗಿ ಉತ್ತರ ಹೇಳಲು ಸದಾ ಸಿದ್ಧರಾಗಿರಿ ಎನ್ನುತ್ತಾನೆ. ನೀನು ಕೇಳಿದ್ದೆ. ನಾನು ಸಿದ್ಧನಿರಲಿಲ್ಲ.

ನಿನ್ನ ಅಮ್ಮನಿಗೆ ಈ ಹೆದರಿಕೆ ಎಂದೂ ಇರಲಿಲ್ಲ. ಕೊಲ್ಲೂರಿನಿಂದ ಬಂದ ದಿನ ನನ್ನನ್ನು ಕರೆದು, ಅಂಗೈಗೆ ಪ್ರಸಾದ ಹಾಕಿ, ದೇವಿ ತನಗೆ ಏನೇನು ನಡೆಸಿಕೊಟ್ಟಳೆಂದು ಕಣ್ಣು ತುಂಬಿಕೊಂಡು ಹೇಳುತ್ತಿದ್ದರು. ಇದರಿಂದ ಈ ಹುಡುಗ ದೂರವಾದಾನು ಎಂಬ ಯೋಚನೆಯೇ ಅವರಿಗೆ ಬಂದಿರಲಾರದು, ನಾನು ದೂರವಾಗಲೂ ಇಲ್ಲ. ಕ್ರಿಸ್‌ಮಸ್ಸಿಗೆ ನಾನು ಕುಸ್ವಾರ್, ಅಂದರೆ ನಮ್ಮ ಹಬ್ಬದ ತಿಂಡಿಗಳನ್ನು ತಂದಾಗ ಒಮ್ಮೆ, “ಇದನ್ನು ಯಾಕೆ ಹಂಚುತ್ತೀರಿ ಮಗಾ?” ಎಂದು ಕೇಳಿದ್ದರು. “ನಮ್ಮಲ್ಲಿ ಪದ್ಧತಿ ಅಮ್ಮಾ” ಎಂದು ಹೇಳಿ ತಟ್ಟೆ ಇಟ್ಟು ಬಂದಿದ್ದೆ.

ಇನ್ನೊಂದನ್ನು ಬರೆಯಬೇಕೆಂದುಕೊಂಡಿರಲಿಲ್ಲ, ಆದರೆ ಇಲ್ಲಿಯವರೆಗೆ ಬಂದ ಮೇಲೆ ಮುಚ್ಚಿಡಲಾರೆ. ಅಮ್ಮನ ಕೊನೆಯ ವಾರದಲ್ಲಿ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ, ಅವರು ನನ್ನ ಬೆರಳು ಹಿಡಿದು “ನಿನ್ನ ದೇವರ ಹತ್ತಿರ ನನಗೋಸ್ಕರ ಕೇಳು” ಎಂದರು. ಕಿಟಕಿಯ ಬಳಿ ನಿನ್ನ ಮಾವ ನಿಂತಿದ್ದರು. ನಾನು “ಕೇಳುತ್ತೇನಮ್ಮಾ” ಎಂದೆ. ಮನಸ್ಸಿನಲ್ಲಿ ಪ್ರಾರ್ಥಿಸಿದೆ, ನಿಜ. ಆದರೆ ಅವರು ಕಣ್ಣು ಮುಚ್ಚಿ ಕಾಯುತ್ತಿದ್ದುದು ನನ್ನ ದನಿಗಾಗಿ. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ಸಡಿಲವಾಯಿತು, ನಿದ್ದೆ ಹತ್ತಿತ್ತು. ಇದನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ.

ನೀನು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಹೌದು, ಕೇಳಿಸಿಕೊಳ್ಳುತ್ತಾನೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಪೇತ್ರನು ‘ಅವನ ಶಿಷ್ಯನು ನಾನಲ್ಲ’ ಎಂದುಬಿಟ್ಟ. ಸತ್ತು ಎದ್ದು ಬಂದ ಯೇಸು ಒಂದು ಬೆಳಿಗ್ಗೆ ಕೆರೆಯ ದಡದಲ್ಲಿ ಇದ್ದಿಲ ಬೆಂಕಿಯನ್ನೇ ಹಚ್ಚಿ, ಮೀನು ಸುಟ್ಟು, ರೊಟ್ಟಿ ಇಟ್ಟು, ಅದೇ ಪೇತ್ರನನ್ನು ಊಟಕ್ಕೆ ಕರೆದ. ಯಾಕೆ ಹಾಗೆಂದೆ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳಿದ. ಅಣ್ಣನೊಡನೆ ಜಗಳವಾಡಿಕೊಂಡು ನಾನು ಏಳು ವರ್ಷ ಮಾತು ಬಿಟ್ಟಿದ್ದಾಗ ನನ್ನನ್ನು ಅವನ ಬಾಗಿಲಿಗೆ ಕರೆದೊಯ್ದದ್ದು ಈ ಯೇಸುವೇ. ಆಗ ನೀನು ನನ್ನ ಒಳ್ಳೆಯತನವನ್ನು ಹೊಗಳಿದೆ. ನಾನು ತಿದ್ದಲಿಲ್ಲ. ಈಗ ತಿದ್ದುತ್ತಿದ್ದೇನೆ, ಅದು ನನ್ನದಲ್ಲ. ನೀನೂ ಅವನನ್ನು ತಿಳಿಯಬೇಕೆಂಬ ಆಸೆ ನನಗಿದೆ. ಒಪ್ಪುವುದು ಬಿಡುವುದು ನಿನಗೆ ಸೇರಿದ್ದು. ಒಪ್ಪದಿದ್ದರೂ ನಮ್ಮ ಸ್ನೇಹ ಕೂದಲೆಳೆಯಷ್ಟೂ ಅಲುಗದು.

ಮೀನಿನ ಮಾತು ಬಂದಾಗ ನಿನಗೆ ನಮ್ಮಿಬ್ಬರಿಗಷ್ಟೇ ಗೊತ್ತಿರುವ ಆ ಸುರತ್ಕಲ್ಲಿನ ಟಿಫಿನ್ ಡಬ್ಬಿಯ ಕಥೆ ನೆನಪಾಗಿ ನಗು ಬಂದಿರುತ್ತದೆಂದು ಬಲ್ಲೆ. ನಕ್ಕುಬಿಡು, ಇಲ್ಲಿ ಬರೆಯುತ್ತ ನನಗೂ ನಗು ಬಂತು. ವರ್ಷಾಂತಿಕದ ಹಿಂದಿನ ದಿನವೇ ಬರುತ್ತೇನೆ. ಚಪ್ಪರದ ಕೆಲಸಕ್ಕೆ ನನ್ನನ್ನೂ ಲೆಕ್ಕಕ್ಕೆ ಹಿಡಿ; ಏಣಿಯನ್ನು ಮಾತ್ರ ಈ ಸಲ ನೀನೇ ಹಿಡಿದುಕೊಳ್ಳಬೇಕು.

ನಿನ್ನವನೇ,
ಹಿಂದಿನ ಬೆಂಚಿನವನು