‘ಮೂರನೇ ಪಾಲು’ ಬರೆಸಿದವರಿಗೆ, ಓದಿದವರಿಗೆ

‘ಮೂರನೇ ಪಾಲು’ ಕಾದಂಬರಿಯ ಮೊದಲ ಮುದ್ರಣ ಮುಗಿಯಿತು. ನಿನ್ನೆ ಪ್ರಕಾಶಕರು ಫೋನ್ ಮಾಡಿ ಹೇಳಿದರು, ಎರಡನೆಯದು ಆಗಲೇ ಪ್ರೆಸ್ಸಿಗೆ ಹೋಗಿದೆಯಂತೆ. ಖುಷಿಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮಂಡ್ಯದಲ್ಲಿ ಕೂತು ಬರೆದ, ಇಲ್ಲಿನ ಜಮೀನು ಪತ್ರಗಳ ಸುತ್ತಲೇ ಸುತ್ತುವ ಒಂದು ಸಸ್ಪೆನ್ಸ್ ಕಥೆಯನ್ನು ಬೀದರಿನವರು, ಶಿರಸಿಯವರು ತರಿಸಿಕೊಂಡು ಓದುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಪುಸ್ತಕದಲ್ಲಿ ಜಾಗ ಕಮ್ಮಿ ಇತ್ತು. ‘ಸಹಾಯ ಮಾಡಿದ ಎಲ್ಲರಿಗೂ’ ಅಂತ ಒಂದು ಸಾಲು ಹಾಕಿದ್ದೆವು, ಅಷ್ಟೇ. ಆ ಎಲ್ಲರೂ ಯಾರು, ಯಾರು ಏನು ಕೊಟ್ಟರು ಅಂತ ಇಲ್ಲಿ ಬರೆಯುತ್ತೇನೆ. ಕೆಲವರು ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಕಾದಂಬರಿ ಇನ್ನೂ ಓದದವರು ಧೈರ್ಯವಾಗಿ ಮುಂದೆ ಓದಿ, ಕೊನೆ ಏನಾಗುತ್ತೆ ಅಂತ ಹೇಳಲ್ಲ.

ಕಥೆ ಇಷ್ಟು. ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದು ಊರು. ಮನೆಯ ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು, ಅಂದರೆ ಫೌತಿ ಖಾತೆಗೆ ಓಡಾಡುತ್ತಿದ್ದಾರೆ. ಹಿಂದಿನ ತಲೆಮಾರಿನಲ್ಲಿ ಆ ಮನೆಗೆ ಅಣ್ಣತಮ್ಮಂದಿರು ಇಬ್ಬರೇ, ಇಡೀ ಊರಿಗೆ ಗೊತ್ತಿರುವ ವಿಷಯ. ಆದರೆ 1952ರಲ್ಲಿ ಆ ಮನೆ ಪಾಲಾದಾಗ ಮೂರು ಪಾಲು ಮಾಡಿದ್ದರು. ಮೂರನೆಯದು ಒಬ್ಬ ಹೆಂಗಸಿನ ಹೆಸರಿಗೆ. ಆ ಹೆಸರನ್ನು ಮನೆಯಲ್ಲಿ ಯಾರೂ ಕೇಳಿಲ್ಲ, ಅಥವಾ ಕೇಳಿಲ್ಲ ಅನ್ನುತ್ತಾರೆ. ಮನೆಯಲ್ಲಿದ್ದ ಪಾಲುಪತ್ರ ಯಾವತ್ತೋ ಸುಟ್ಟು ಹೋಗಿದೆ. ಮೊಮ್ಮಗಳು ಒಬ್ಬಳು ಇದರ ಹಿಂದೆ ಬೀಳುತ್ತಾಳೆ.

ಮೊದಲ ಋಣ, ಸಬ್ ರಿಜಿಸ್ಟ್ರಾರ್ ಕಚೇರಿ ಆಸುಪಾಸಿನಲ್ಲೇ ಜೀವಮಾನವೆಲ್ಲ ಜಮೀನು ಪತ್ರ ಬರೆದ ಒಬ್ಬ ಹಿರಿಯರದು. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಮನೆಯಲ್ಲೇ ಇರುತ್ತಾರೆ. ನಾನು ಕಾದಂಬರಿ, ಗುಟ್ಟು, ಪಾಲು ಅಂತ ಏನೇನೋ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಒಂದು ಹಳೇ ಪತ್ರದ ನಕಲು ತರಿಸಿ ನನ್ನ ಕೈಗೆ ಕೊಟ್ಟು ‘ಓದವ್ವ’ ಅಂದರು. ನಾನು ಮೇಲಿನಿಂದ ಶುರು ಮಾಡಿದೆ. ತಡೆದರು. ‘ಕೆಳಗಿಂದ ಓದು. ಬಿಕ್ಕಲಂ ಯಾರ್ದು, ಸಾಕ್ಷಿ ಯಾರು ಹಾಕವ್ರೆ, ಹೆಬ್ಬೆಟ್ಟು ಯಾರು ಒತ್ತವ್ರೆ ನೋಡು. ಆಮೇಲೆ ಚಕ್ಕುಬಂದಿ. ಮೇಲಿರೋದನ್ನ ಎಲ್ಲಾರೂ ಒಂದೇ ಥರ ಬರೆಸ್ತಾರೆ, ಸುಳ್ಳು ಹೇಳೋನೂ ಹಂಗೇ ಬರೆಸ್ತಾನೆ.’ ಬಿಕ್ಕಲಂ ಅಂದರೆ ಪತ್ರ ಬರೆದವರ ಹೆಸರು, ಸಹಿ.

ಹೆಂಗಸಿನ ಹೆಸರಿನ ಜೊತೆ ಗಂಡನ ಹೆಸರು ಇದೆಯಾ, ಅಪ್ಪನ ಹೆಸರು ಇದೆಯಾ, ಎರಡೂ ಇಲ್ಲದೆ ಬರೀ ಊರಿನ ಹೆಸರು ಇದೆಯಾ ಅಂತ ನೋಡುವುದನ್ನೂ ಅವರೇ ಕಲಿಸಿದರು. ಅಪ್ಪನ ಹೆಸರಿಗೆ ಮುಂಚೆ ಬರುವ ಬಿನ್, ಗಂಡನ ಹೆಸರಿಗೆ ಮುಂಚೆ ಬರುವ ಕೋಂ ಅನ್ನುವ ಆ ಪುಟ್ಟ ಅಕ್ಷರಗಳನ್ನು ನಾವೆಲ್ಲ ಕಣ್ಣು ಹಾಯಿಸಿ ಬಿಟ್ಟುಬಿಡುತ್ತೇವೆ ಅಲ್ವಾ? ಕಾದಂಬರಿಯ ಅರ್ಧ ಜೀವ ಅಲ್ಲಿದೆ.

ಇನ್ನರ್ಧ ಚಕ್ಕುಬಂದಿಯಲ್ಲಿ. ಪತ್ರದ ಷೆಡ್ಯೂಲಿನಲ್ಲಿ ಜಮೀನಿನ ನಾಲ್ಕೂ ದಿಕ್ಕಿಗೆ ಏನಿದೆ ಅಂತ ಬರೆಯುತ್ತಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ನಾಲೆ, ಉತ್ತರಕ್ಕೆ ಓಣಿ, ಹೀಗೆ. ಅದನ್ನು ತೋರಿಸಿ ಅವರು ಕೇಳಿದ ಒಂದು ಮಾತಿನಿಂದ ನನಗೆ ಇಡೀ ಕಾದಂಬರಿ ಸಿಕ್ಕಿತು. ‘ನಿಮ್ಮನೆ ಪತ್ರ ನೀವು ಸುಟ್ಟಾಕ್ಬಹುದು. ಪಕ್ಕದ ಹೊಲದೋನ ಪತ್ರದಲ್ಲಿ ನಿಮ್ಮ ಹೆಸರು ಕೂತಿರ್ತದಲ್ಲ, ಅದನ್ನ ಏನ್ಮಾಡ್ತೀರಿ?’

ಹೌದಲ್ವಾ! ಒಂದು ಮನೆಯವರೆಲ್ಲ ಸೇರಿ ಒಬ್ಬಳನ್ನು ಅಳಿಸಿಹಾಕಬಹುದು. ಫೋಟೋ ತೆಗೆದುಹಾಕಬಹುದು, ಹೆಸರು ಎತ್ತದೇ ಇರಬಹುದು, ಪತ್ರ ಒಲೆಗೆ ಹಾಕಬಹುದು. ಆದರೆ ಪಕ್ಕದ ಜಮೀನು ಯಾವತ್ತೋ ಮಾರಾಟವಾಗಿದ್ದರೆ ಆ ಕ್ರಯಪತ್ರದಲ್ಲಿ ‘ದಕ್ಷಿಣಕ್ಕೆ’ ಅಂತ ಅವಳ ಹೆಸರು ಇದ್ದೇ ಇರುತ್ತದೆ. ಅದು ಅವಳ ಮನೆಯವರ ಕೈಯಲ್ಲಿಲ್ಲ. ನೋಂದಣಿಯಾದ ಜಮೀನು ಪತ್ರದ ನಕಲನ್ನು ಫೀಸು ಕಟ್ಟಿ ಯಾರು ಬೇಕಾದರೂ ಪಡೆಯಬಹುದು, ಅದಕ್ಕೂ ಮನೆಯವರ ಒಪ್ಪಿಗೆ ಬೇಕಿಲ್ಲ. ಹದಿನಾಲ್ಕನೇ ಅಧ್ಯಾಯ ಓದಿ ಮೈ ಜುಮ್ಮೆಂದಿತು ಅಂತ ಬರೆದವರೆಲ್ಲ ನಿಜವಾಗಿ ಈ ಹಿರಿಯರಿಗೆ ಬರೆದಿದ್ದೀರಿ. ಅವರ ಮನೆಗೆ ಹೋಗಿ ಎಲ್ಲವನ್ನೂ ಓದಿ ಹೇಳಿದ್ದೇನೆ.

ಅಷ್ಟು ವರ್ಷ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಅನ್ನುವ ಪ್ರಶ್ನೆಗೂ ಉತ್ತರ ಅವರಿಂದಲೇ ಬಂತು. ಸಾಲಕ್ಕೆ ಹೋದರೆ ಬ್ಯಾಂಕಿನವರು ಇ.ಸಿ., ಅಂದರೆ ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಕೇಳುತ್ತಾರೆ, ಸಾಮಾನ್ಯವಾಗಿ ಮೂವತ್ತು ವರ್ಷದ್ದು. ಎಷ್ಟು ವರ್ಷದ್ದು ಕೇಳಿದಿರೋ ಅಷ್ಟೇ ಬರುತ್ತದೆ. ಅದರ ಹಿಂದಿನದನ್ನು ಕೇಳುವವರು ಕಮ್ಮಿ. ಆ ಮನೆಯವರು ಎಷ್ಟೋ ಸಲ ಇ.ಸಿ. ತೆಗೆಸಿದ್ದಾರೆ, ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಇತ್ತು. ಗುಟ್ಟು ಆ ಮೂವತ್ತು ವರ್ಷದ ಆಚೆ ಇತ್ತು. ಓದುಗರಿಗೆ ಇದನ್ನು ಎರಡನೇ ಅಧ್ಯಾಯದಲ್ಲೇ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಇದು ನನಗೆ ಬಹಳ ಮುಖ್ಯ. ಓದುವವರಿಗೆ ಗೊತ್ತಿರಬೇಕಾದದ್ದನ್ನು ಕೊಡದೇ ಕೊನೆಯಲ್ಲಿ ಬೆರಗು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು, ಮೈಸೂರಿನ ಒಬ್ಬ ನಿವೃತ್ತ ವಕೀಲರು. ಸರಸ್ವತಿಪುರಂನ ಅವರ ಮನೆಗೆ ಹೋದಾಗಲೆಲ್ಲ ಕಾಫಿ, ಜೊತೆಗೆ ಒಂದು ಪಾಠ. 1952ರಲ್ಲಿ ಒಬ್ಬ ಹೆಂಗಸಿಗೆ ಪಾಲು ಕೊಟ್ಟರು ಅಂದರೆ ಓದುಗರು ನಂಬುತ್ತಾರಾ ಅನ್ನುವ ಚಿಂತೆ ನನಗಿತ್ತು. ಯಾಕೆಂದರೆ ನಮಗೆಲ್ಲ ಗೊತ್ತಿರುವುದು ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿ, ಹೆಚ್ಚೆಂದರೆ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದದ್ದು. ಅವರು ನಕ್ಕು, ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾನೂನು ಬಂದಿತ್ತು ಅಂತ ತೋರಿಸಿದರು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಗಳಿಗೆ ಪಾಲು ಸಿಗಬಹುದಿತ್ತು. ಎಂಥ ದೊಡ್ಡ ವಿಷಯ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನ್ನ ಕಥೆಗೆ ಇದು ಬಾಗಿಲು ತೆಗೆಯಿತು. ಅವಳು ಆ ಮನೆಗೆ ಏನಾಗಬೇಕು, ಯಾವ ಲೆಕ್ಕದಲ್ಲಿ ಪಾಲು ಪಡೆದಳು ಅನ್ನುವುದೇ ಮುಂದಿನ ನೂರು ಪುಟ. ತಾಯಿಯಾ, ಯಾರದ್ದಾದರೂ ವಿಧವೆಯಾ, ಮಗಳಾ?

ನಾಪತ್ತೆಯಾದವರ ವಿಷಯವೂ ಅವರೇ ಹೇಳಿದ್ದು. ಏಳು ವರ್ಷ ಒಬ್ಬರ ಸುದ್ದಿ, ಸುದ್ದಿ ಇರಬೇಕಾದವರಿಗೇ ಇಲ್ಲದಿದ್ದರೆ, ಬದುಕಿದ್ದಾರೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬಳು ಬದುಕಿದ್ದಾಳೆ, ಒಬ್ಬರಿಗೆ ಆ ಸುದ್ದಿ ಗೊತ್ತು, ಅವರು ಏಳು ವರ್ಷ ಬಾಯಿ ಬಿಡಲಿಲ್ಲ. ಯಾಕೆ?

ಆ ‘ಯಾಕೆ’ಗೆ ಉತ್ತರ ಕೊಟ್ಟದ್ದು ನಮ್ಮ ಸೋದರತ್ತೆ. ಅತ್ತೆಗೆ ಈ ಬರಹದಲ್ಲಿ ಎಷ್ಟು ಜಾಗ ಕೊಟ್ಟರೂ ಕಮ್ಮಿಯೇ.

ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಎಲ್ಲ ಮನೆಯಲ್ಲೂ ಇರುವುದೇ. ಅರಿಶಿನ ಕುಂಕುಮಕ್ಕೆ ಅಂತ ಸೀರೆ, ಒಂದಿಷ್ಟು ದುಡ್ಡು, ಊಟ. ಅತ್ತೆಯೂ ಹೆಬ್ಬೆಟ್ಟು ಒತ್ತಿದ್ದಾರೆ. ನಾನು ಆ ದಿನದ ಬಗ್ಗೆ ಕೇಳಿದಾಗ ಅತ್ತೆಗೆ ಸಿಟ್ಟು ಇರುತ್ತೆ, ಅಳುತ್ತಾರೆ ಅಂದುಕೊಂಡಿದ್ದೆ. ಅತ್ತೆ ಅವರೇಕಾಯಿ ಸುಲಿಯುತ್ತಾ ಹೇಳಿದರು. ‘ಜಮೀನು ಬೇಕಾ ಅಣ್ಣದೀರು ಬೇಕಾ ಅಂತ ಯಾರೂ ಬಾಯಿಬಿಟ್ಟು ಕೇಳ್ನಿಲ್ಲ ಕನವ್ವ. ಕೇಳಿದ್ರೆ ಉತ್ತರ ಕೊಡ್ತಿದ್ದೆ. ಕೇಳ್ದೆ ಇದ್ದದ್ಕೇ ಒತ್ತುಬುಟ್ಟೆ. ತವರಿಗೆ ಬರಕ್ಕೆ ಒಂದು ದಾರಿ ಇರ್ಬೇಕಲ್ಲ.’

ನಾನು ಅಲ್ಲಿಯವರೆಗೆ ಬರೆದಿದ್ದ ಪುಟಗಳಲ್ಲಿ ಗುಟ್ಟು ಇಟ್ಟುಕೊಂಡವರೆಲ್ಲ ದುರಾಸೆಯವರು. ಅತ್ತೆಯ ಮಾತು ಕೇಳಿದ ಮೇಲೆ ಕಥೆಯ ದೊಡ್ಡಮ್ಮ ಹುಟ್ಟಿದಳು. ನಾಲ್ಕು ಜನರಿಂದ ನಾಲ್ಕು ವಿಷಯ ಮುಚ್ಚಿಟ್ಟವಳು, ಒಂದನ್ನೂ ತನಗೋಸ್ಕರ ಮುಚ್ಚಿಡದವಳು. ಆ ದೊಡ್ಡಮ್ಮನೇ ನಿಮಗೆ ಜಾಸ್ತಿ ಇಷ್ಟವಾದ ಪಾತ್ರ ಅಂತ ಬಂದ ಪತ್ರಗಳೆಲ್ಲ ಹೇಳುತ್ತಿವೆ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಅವಳು ನಮ್ಮ ಅತ್ತೆ ಅಲ್ಲ, ಕಾದಂಬರಿಯ ಮನೆ ನಮ್ಮ ಮನೆಯೂ ಅಲ್ಲ. ಅತ್ತೆ ಕೊಟ್ಟದ್ದು ಆ ಒಂದು ಮಾತು, ಅದನ್ನು ಪುಸ್ತಕದಲ್ಲಿ ಹಾಕಿಕೊಳ್ಳಲು ಒಪ್ಪಿಗೆ ಕೂಡ. ಅಕ್ಷರ ಬರದಿದ್ದರೂ ಪುಸ್ತಕ ಮುಟ್ಟಿ ನೋಡಿ, ‘ಇಷ್ಟು ದಪ್ಪಕ್ಕೆ ಏನ್ ಬರೆದೆ ಅವ್ವ’ ಅಂದರು. ದಿನಾ ರಾತ್ರಿ ಮೊಮ್ಮಗನ ಕೈಲಿ ಒಂದೊಂದು ಅಧ್ಯಾಯ ಓದಿಸಿಕೊಂಡು ಮುಗಿಸಿದ್ದಾರೆ.

ಇನ್ನು ಮಂಡ್ಯ–ಮೈಸೂರು ರೈಲಿನ ನಮ್ಮ ಗುಂಪು. ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸರ ಈ ಗುಂಪು ಇಲ್ಲದಿದ್ದರೆ ಇದು ಸಸ್ಪೆನ್ಸ್ ಆಗುತ್ತಲೇ ಇರಲಿಲ್ಲ. ಯಲಿಯೂರು ದಾಟಿದ ಮೇಲೆ ಕಥೆ ಶುರು ಮಾಡುತ್ತಿದ್ದೆ, ಪಾಂಡವಪುರ, ಶ್ರೀರಂಗಪಟ್ಟಣ ಕಳೆದು ನಾಗನಹಳ್ಳಿ ಬರುವಷ್ಟರಲ್ಲಿ ಒಂದು ಅಧ್ಯಾಯ ಹೇಳಿ ಮುಗಿಸಿ, ಈಗ ನಿಮಗೆ ಯಾರ ಮೇಲೆ ಅನುಮಾನ ಅಂತ ಕೇಳುತ್ತಿದ್ದೆ. ಎಲ್ಲರೂ ಒಬ್ಬರ ಹೆಸರನ್ನೇ ಹೇಳಿದರೆ ಆ ಅಧ್ಯಾಯ ಮತ್ತೆ ಬರೆಯುವುದು. ಯಾರೂ ಯಾರ ಹೆಸರನ್ನೂ ಹೇಳದಿದ್ದರೂ ಮತ್ತೆ ಬರೆಯುವುದು. ಅವರು ಜಗಳ ಆಡಿದರೆ ಮಾತ್ರ ಮುಂದೆ ಹೋಗುತ್ತಿದ್ದೆ. ಒಂದು ಸುಳಿವನ್ನು ಎಲ್ಲಿ ಇಡಬೇಕು ಅಂತಲೂ ಇವರಿಂದಲೇ ಗೊತ್ತಾಯಿತು. ನಗು ಬರುವ ಕಡೆ ಇಟ್ಟರೆ ಯಾರೂ ಅದನ್ನು ಸುಳಿವು ಅಂದುಕೊಳ್ಳಲ್ಲ. ಬೀಗರೂಟದಲ್ಲಿ ಎಲೆ ಸಾಲದೆ ಗಲಾಟೆಯಾಗುವ ದೃಶ್ಯ ನೆನಪಿದೆಯಾ? ಹೋಗಿ ಇನ್ನೊಂದು ಸಲ ಓದಿ, ಅಲ್ಲಿ ಎಷ್ಟು ಎಲೆ ಹಾಕಿದ್ದರು ಅಂತ ಎಣಿಸಿ.

ಜಮೀನಿಗೆ ಯಾಕೆ ಇಷ್ಟು ಗುಟ್ಟು, ಇಷ್ಟು ಹಟ ಅಂತ ಬೆಂಗಳೂರಿನ ಒಬ್ಬರು ಓದಿ ಕೇಳಿದ್ದಾರೆ. ಅದರ ಹಿನ್ನೆಲೆ ನನಗೆ ತಿಳಿಸಿದ್ದು ನಮ್ಮ ಮಾವನವರು. ಕನ್ನಂಬಾಡಿ ಕಟ್ಟೆ ಕಟ್ಟಲು ಶುರು ಮಾಡಿದ್ದು 1911ರಲ್ಲಿ. ನಾಲೆ ನೀರು ಹರಿಯುವವರೆಗೆ ಈ ಬಯಲು ಮಳೆ ನಂಬಿದ ರಾಗಿ ಹೊಲ. ನೀರು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು, ಗದ್ದೆಯಾಯಿತು, ಕಬ್ಬಾಯಿತು. ಅಪ್ಪ ತಾತನ ಕಾಲದಲ್ಲಿ ಯಾರಿಗೋ ಸುಮ್ನೆ ಬಿಟ್ಟುಕೊಟ್ಟಿದ್ದ ಹೊಲಕ್ಕೆ ಒಂದೇ ತಲೆಮಾರಿನಲ್ಲಿ ಬೆಲೆ ಬಂದುಬಿಟ್ಟಿತು. ಬಿಟ್ಟುಕೊಟ್ಟದ್ದನ್ನು ಮರೆಯಬೇಕು ಅನ್ನುವ ಆಸೆಯೂ ಅದರ ಜೊತೆಗೇ ಬಂತು. ಮಾವ ಆಲೆಮನೆ ನಡೆಸಿದವರು. ಬೆಲ್ಲದ ಅಧ್ಯಾಯದ ಪ್ರತಿ ಸಾಲನ್ನೂ ಅವರು ತಿದ್ದಿದ್ದಾರೆ, ಪಾಕದ ಹದ ಹೇಳುವ ಸಾಲನ್ನಂತೂ ಬಿಡದೆ ಹಿಡಿದು ಸರಿ ಮಾಡಿಸಿದರು.

ನಮ್ಮ ಸಂಪಾದಕರು ಕಡಿಮೆ ಮಾತಿನವರು. ಮೊದಲ ಕರಡಿನಲ್ಲಿ ಒಂದು ಕೊಲೆ ಇತ್ತು. ಅವರು ಅದರ ಪಕ್ಕ ಪೆನ್ಸಿಲ್‌ನಲ್ಲಿ ‘ಕೊಲೆ ಇಲ್ಲದೆಯೂ ನನಗೆ ಭಯವಾಗುತ್ತಿದೆ’ ಅಂತ ಬರೆದು ಕಳಿಸಿದರು. ಕೊಲೆ ತೆಗೆದೆವು. ತೆಗೆದ ಮೇಲೆ ಕಥೆ ಇನ್ನೂ ಬಿಗಿಯಾಯಿತು, ಯಾಕೆಂದರೆ ಪೊಲೀಸರು ಬರಲ್ಲ, ಮನೆಯವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರಬೇಕು. ಯಾವ ಪಾತ್ರಕ್ಕೆ ಯಾವ ಅಧ್ಯಾಯದ ಹೊತ್ತಿಗೆ ಏನೇನು ಗೊತ್ತಿರುತ್ತೆ ಅಂತ ಹಳೇ ಕ್ಯಾಲೆಂಡರುಗಳ ಹಿಂದೆ ಗೆರೆ ಎಳೆದು ಬರೆದುಕೊಂಡಿದ್ದೆ. ಅದನ್ನು ಪೂರ್ತಿ ಓದಿ, ‘ಚಿಕ್ಕಪ್ಪನಿಗೆ ಇದು ಇನ್ನೂ ಗೊತ್ತಿರಬಾರದು’ ಅಂತ ಹಿಡಿದು ತೋರಿಸಿದ್ದು ಸಂಪಾದಕರೇ.

ಆ ಕ್ಯಾಲೆಂಡರ್ ಹಾಳೆಗಳು ನಮ್ಮ ಅಡುಗೆಮನೆ ಗೋಡೆಯಲ್ಲಿ ಬಹಳ ಕಾಲ ಇದ್ದವು. ನಮ್ಮ ಮನೆಯವರು, ಮಕ್ಕಳು ಒಂದು ದಿನವೂ ತೆಗಿ ಅನ್ನಲಿಲ್ಲ. ನಾನು ಬೆಳಗಿನ ಜಾವ ಬರೆಯಲು ಕೂತಾಗ ಹಾಲು ಕಾಯಿಸಿ, ಡಬ್ಬಿ ಕಟ್ಟಿ, ಮಕ್ಕಳನ್ನು ಕಳಿಸಿದ್ದು ನಮ್ಮ ಮನೆಯವರು. ರೀ, ಇದನ್ನು ನೀವು ಓದುತ್ತೀರಿ ಅಂತ ಗೊತ್ತು. ಎದುರಿಗೆ ಹೇಳಕ್ಕೆ ಬರಲ್ಲ, ಇಲ್ಲೇ ಹೇಳ್ತೀನಿ, ನಿಮ್ಮಿಂದ ಆಯಿತು ಇದು.

ಕೊನೆಗೆ ಓದಿದವರು. ಪುಸ್ತಕ ಬಂದ ಮೇಲೆ ಯಾರೂ ಎಲ್ಲೂ ಕೊನೆಯನ್ನು ಬಯಲು ಮಾಡಲಿಲ್ಲ. ಮೈಸೂರಿನ ಒಂದು ಕಾಲೇಜಿನ ಹುಡುಗಿಯರು ಗೆಳತಿಯರಿಗೆ ಪುಸ್ತಕ ಕೊಡುವಾಗ ಕೊನೆಯ ಅಧ್ಯಾಯಕ್ಕೆ ಕ್ಲಿಪ್ ಹಾಕಿ ಕೊಡುತ್ತಿದ್ದರಂತೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಮತ್ತೆ, ತಮ್ಮ ತಮ್ಮ ಮನೆಯ ವಿಷಯ ಬರೆದು ಕಳಿಸಿದವರಿಗೆ. ಅಜ್ಜಿಯ ಮೊದಲ ಮದುವೆ, ಯಾರೂ ಹೆಸರು ಹೇಳದ ಚಿಕ್ಕಪ್ಪ, ಪಹಣಿಯಲ್ಲಿ ಕಂಡ ಗೊತ್ತಿಲ್ಲದ ಹೆಸರು. ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿರಲಿಲ್ಲ, ಒಂದೊಂದನ್ನೂ ನಿಧಾನವಾಗಿ ಓದುತ್ತಿದ್ದೇನೆ. ಜಮೀನು ಪತ್ರ ಬರೆಯುತ್ತಿದ್ದ ಆ ಹಿರಿಯರು ನನಗೆ ಇಷ್ಟೆಲ್ಲ ಕಲಿಸಿದರೂ ಒಂದೇ ಒಂದು ಮನೆಯ ಹೆಸರನ್ನು ಬಾಯಿಬಿಡಲಿಲ್ಲ, ನಾನು ಕೇಳಿದರೂ ಹೇಳಲಿಲ್ಲ. ನಿಮ್ಮ ಪತ್ರಗಳ ವಿಷಯದಲ್ಲಿ ನಾನೂ ಹಾಗೇ ಇರುತ್ತೇನೆ. ಮುಂದಿನ ಕಾದಂಬರಿಯಲ್ಲಿ ನಿಮ್ಮ ಮನೆ ಬರಲ್ಲ. ಬರೆದವರಿಗೆಲ್ಲ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ತಡವಾದರೂ ಬರುತ್ತೆ. ಕಾಗದದಲ್ಲಿ ಕಳಿಸಿದವರು ವಾಪಸ್ ಬೇಕು ಅಂದರೆ ತಿಳಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.