ಹಲ್ಲಿನ ಮಾಡೆಲ್‌ಗಳನ್ನು ಗುಂಡಿಗೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ನಾನು ಒಂದು ಡೆಂಟಲ್ ಕಾಲೇಜಿನ ಆರ್ಥೊಡಾಂಟಿಕ್ಸ್ ವಿಭಾಗದಲ್ಲಿ 31 ವರ್ಷ ಡೆಂಟಲ್ ಮೆಕ್ಯಾನಿಕ್ ಆಗಿದ್ದವನು. ಹಲ್ಲಿಗೆ ಕ್ಲಿಪ್ ಹಾಕುವ ಮೊದಲು ಡಾಕ್ಟರು ಬಾಯಿಯ ಅಳತೆ ತೆಗೆಯುತ್ತಾರಲ್ಲ, ಅದಕ್ಕೆ ಡೆಂಟಲ್ ಸ್ಟೋನ್ (ಕಲಸಿದರೆ ಗಟ್ಟಿಯಾಗುವ ಜಿಪ್ಸಮ್ ಪುಡಿ) ಸುರಿದು ಮಾಡೆಲ್ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ಪಿಎಫ್ ಕಾಗದಕ್ಕೆ ಸಹಿ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಸೈಕಲ್ ಸ್ಟ್ಯಾಂಡಿನ ಹಿಂದೆ ಗುಂಡಿ ಮುಚ್ಚುತ್ತಿದ್ದರು. ಇಟ್ಟಿಗೆ ಚೂರಿನ ಜೊತೆ ಬಿಳಿ ಬಿಳಿ ದವಡೆಗಳು. ಒಂದನ್ನು ಎತ್ತಿ ತಿರುಗಿಸಿದೆ. ಅಡಿಯಲ್ಲಿ ಪೆನ್ಸಿಲ್‌ನಲ್ಲಿ ಹೆಸರು, ವಯಸ್ಸು, ತಾರೀಕು. ನನ್ನದೇ ಕೈಬರಹ.

ಮಾಡೆಲ್ ಮಾಡುವುದು ಸುಮ್ನೆ ಕೆಲಸ ಅಲ್ಲ. ಆಲ್ಜಿನೇಟ್ ಪುಡಿ ಕಲಸಿ ಬಾಯಿಗಿಟ್ಟರೆ ಒಂದೆರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಮಗು ಓಕರಿಸಿದರೆ ಮತ್ತೆ ಮೊದಲಿನಿಂದ. ತೆಗೆದ ಅಳತೆಯನ್ನು ಹಾಗೇ ಇಟ್ಟು ಚಹಾ ಕುಡಿದು ಬರೋಣ ಅಂದರೆ ಆಗದು. ನೀರಾರಿ ಕುಗ್ಗಿಬಿಡುತ್ತದೆ. ಒದ್ದೆ ಹತ್ತಿ ಮುಚ್ಚಿ ನನ್ನ ಹತ್ತಿರ ಓಡಿ ಬರಬೇಕು. ನಾನು ವೈಬ್ರೇಟರ್ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ಸ್ಟೋನ್ ಇಳಿಸುತ್ತಿದ್ದೆ. ಅವಸರ ಮಾಡಿದರೆ ಗಾಳಿಗುಳ್ಳೆ. ಬಾಚಿಹಲ್ಲಿನ ತುದಿಯಲ್ಲಿ ಒಂದು ಗುಳ್ಳೆ ಉಳಿದರೂ ಆ ಹಲ್ಲು ಅಳತೆಗೆ ಬರುವುದಿಲ್ಲ.

ಅಳೆಯುವವರು ಪಿಜಿ ವಿದ್ಯಾರ್ಥಿಗಳು. ತುದಿ ಅರೆದು ಚೂಪು ಮಾಡಿದ ಕ್ಯಾಲಿಪರ್ ಹಿಡಿದು ಒಂದೊಂದು ಹಲ್ಲಿನ ಅಗಲ ತೆಗೆಯುತ್ತಾರೆ. ಎರಡು ವಾರ ಬಿಟ್ಟು, ಹಳೆಯ ಅಂಕಿ ನೋಡದೆ ಮತ್ತೆ ಅಳೆಯಬೇಕು. ಒಬ್ಬ ಪಿಜಿ ಹುಡುಗಿ ಅಳೆದಾಗ ಅದೇ ಕೋರೆಹಲ್ಲು ಮೊದಲ ಸಲ 7.6 ಮಿಲಿಮೀಟರ್ ಬಂತು, ಎರಡನೇ ಸಲ 7.9. ಗೈಡ್ ಬೈದರು, ಹುಡುಗಿ ಅತ್ತಳು. ನೋಡಿದರೆ ಮಾಡೆಲ್ ಅದೇ, ಕ್ಯಾಲಿಪರ್ ಅದೇ, ಎರಡನೇ ಸಲ ಸಂಜೆ ಟ್ಯೂಬ್‌ಲೈಟ್ ಕೆಳಗೆ ಕೂತಿದ್ದಳು. 'ಬೆಳಗ್ಗೆ ಬಂದು ಕಿಟಕಿ ಪಕ್ಕ ಕೂತ್ಕೊಳ್ಳಮ್ಮ' ಅಂದೆ. 0.3 ಏನು ಮಹಾ ಅನ್ನಬೇಡಿ. ಒಂದು ದವಡೆಯಲ್ಲಿ ಅಳೆಯುವ 12 ಹಲ್ಲಿಗೂ ಒಂದೇ ಕಡೆಗೆ ಅಷ್ಟು ತಪ್ಪಿದರೆ 3.6 ಮಿಲಿಮೀಟರ್ ಆಯಿತು. ಸಣ್ಣ ದವಡೆಹಲ್ಲಿನ ಅರ್ಧದಷ್ಟು!

ಈ ಅಂಕಿಗಳಿಂದ ಏನು ಪ್ರಯೋಜನ? 1958ರಲ್ಲಿ ಅಮೆರಿಕದ ವೇಯ್ನ್ ಬೋಲ್ಟನ್ ಎಂಬ ಡಾಕ್ಟರು ಹಲ್ಲು ಚೆನ್ನಾಗಿ ಕೂಡುವ 55 ಜನರ ಮಾಡೆಲ್ ಅಳೆದರು. ಅದರಲ್ಲಿ 44 ಮಂದಿಗೆ ಆಗಲೇ ಹಲ್ಲು ಸರಿ ಮಾಡಿಸಿಯಾಗಿತ್ತು. ಕೆಳಗಿನ 12 ಹಲ್ಲಿನ ಒಟ್ಟು ಅಗಲ ಮೇಲಿನ 12ರದ್ದಕ್ಕೆ ಸರಾಸರಿ ಶೇ 91.3 ಇತ್ತು. ಮುಂದಿನ ಆರಾರು ಹಲ್ಲು ಮಾತ್ರ ತೆಗೆದುಕೊಂಡರೆ ಶೇ 77.2. ಈ ಲೆಕ್ಕ ಜಾಸ್ತಿ ತಪ್ಪಿದ್ದರೆ ಎರಡು ವರ್ಷ ತಂತಿ ಎಳೆದರೂ ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂಡುವುದಿಲ್ಲ. ಎಲ್ಲೋ ಸಂದಿ ಉಳಿಯುತ್ತದೆ, ಇಲ್ಲವೇ ಹಲ್ಲಿನ ಪಕ್ಕ ಉಜ್ಜಿ ಸಣ್ಣ ಮಾಡಬೇಕು. ಇವತ್ತಿಗೂ ನಮ್ಮೂರ ಮಕ್ಕಳ ಬಾಯಿಯನ್ನು ಹೋಲಿಸಿ ನೋಡುವುದು ಇದೇ ಅಂಕಿಗೆ. ಬೋಲ್ಟನ್ ತಪ್ಪು ಮಾಡಿದರು ಅಂತಲ್ಲ. ಅವರು ತಮ್ಮ ಕೈಗೆ ಸಿಕ್ಕ ಬಾಯಿಗಳನ್ನು ಅಳೆದರು. ನಮ್ಮ ಕೈಗೆ ಸಿಕ್ಕವನ್ನು ನಾವೂ ಅಳೆದೆವು. ಆಮೇಲೆ ಅವನ್ನೇ ಗುಂಡಿಗೆ ಸುರಿದೆವು.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬೋಲ್ಟನ್ ಹೆಸರಿನದೇ ಇನ್ನೊಂದು ಅಧ್ಯಯನ ಇದೆ. ಹೆಸರು ಒಂದೇ, ಸಂಬಂಧ ಇಲ್ಲ. ನಾನೂ ಬಹಳ ವರ್ಷ ಎರಡೂ ಒಂದೇ ಅಂದುಕೊಂಡಿದ್ದೆ. ಅಲ್ಲಿ ಬ್ರಾಡ್‌ಬೆಂಟ್ ಎಂಬುವರು ಮಕ್ಕಳ ತಲೆ ಅಲ್ಲಾಡದಂತೆ ಹಿಡಿದು ಎಕ್ಸ್‌ರೇ ತೆಗೆಯುವ ಯಂತ್ರ ಮಾಡಿ 1931ರಲ್ಲಿ ಪ್ರಕಟಿಸಿದರು. ಅದೇ ಮಕ್ಕಳನ್ನು ಅವರು ಬೆಳೆಯುತ್ತಾ ಹೋದಂತೆ ಮತ್ತೆ ಮತ್ತೆ ಕರೆಸಿ ಅಳೆದರು. ಆ ದಾಖಲೆಗಳನ್ನು ಅಲ್ಲಿನ ವಿಶ್ವವಿದ್ಯಾಲಯ ಜೋಪಾನ ಮಾಡಿಟ್ಟಿದೆ. ಆವತ್ತಿನವರು ಕೇಳದೇ ಇದ್ದ ಪ್ರಶ್ನೆಗೂ ಅದೇ ಎಕ್ಸ್‌ರೇಯಲ್ಲಿ ಉತ್ತರ ಹುಡುಕಬಹುದು. ನಮ್ಮಲ್ಲಿ ಏನಾಗುತ್ತದೆ? ಪಿಜಿಯ ಥೀಸಿಸ್ ಬೈಂಡ್ ಆಗಿ ಲೈಬ್ರರಿಗೆ ಹೋಗುತ್ತದೆ. ಅದರಲ್ಲಿ ಸರಾಸರಿ ಉಳಿಯುತ್ತದೆ, ಹಲ್ಲು ಉಳಿಯುವುದಿಲ್ಲ. ಸಂಶಯ ಬಂದು ಮತ್ತೆ ಅಳೆಯೋಣ ಅಂದರೆ ಮಾಡೆಲ್ ಎಲ್ಲಿ?

ಕಾಲೇಜಿನವರ ಕಷ್ಟ ನನಗೆ ಗೊತ್ತು. ಜಾಗ ಇಲ್ಲ. ಮಾಡೆಲ್ ಭಾರ, ಮಳೆಗಾಲದಲ್ಲಿ ಪೆಟ್ಟಿಗೆಗೆ ನೀರು ಬರುತ್ತದೆ, ಕೈಜಾರಿದರೆ ಹಲ್ಲು ಮುರಿಯುತ್ತದೆ. ಎಲ್ಲವನ್ನೂ ಇಡಿ ಅಂತ ನಾನು ಹೇಳುವುದಿಲ್ಲ. ಈಗ ಎಷ್ಟೋ ಕಾಲೇಜುಗಳಲ್ಲಿ ಸ್ಕ್ಯಾನರ್ ಇದೆ. ಎಸೆಯುವ ಮೊದಲು ಒಂದು ಸಲ ಸ್ಕ್ಯಾನ್ ಮಾಡಿ. ಹೆಸರು ತೆಗೆದು ನಂಬರ್ ಹಾಕಿ. ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಇಷ್ಟು ಸಾಕು. ಅಳತೆ ತೆಗೆಯುವ ದಿನವೇ ಅಪ್ಪ ಅಮ್ಮನಿಗೆ ವಿಷಯ ಹೇಳಿ ಒಪ್ಪಿಗೆ ಪಡೆಯಿರಿ. ಥೀಸಿಸ್ ಜೊತೆ ಸ್ಕ್ಯಾನ್ ಫೈಲುಗಳನ್ನೂ ಒಪ್ಪಿಸಬೇಕು ಎಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಿಯಮ ಮಾಡಿದರೆ ಇದು ತಾನಾಗಿಯೇ ಆಗುತ್ತದೆ. ಎಸೆಯಲೇಬೇಕಾದರೆ ಅಡಿಯ ಹೆಸರನ್ನಾದರೂ ಉಜ್ಜಿ ಎಸೆಯಿರಿ. ಯಾರದೋ ಮಗುವಿನ ಹೆಸರು ಗುಂಡಿಯಲ್ಲಿ ಬಿದ್ದಿರುವುದು ಸರಿಯಲ್ಲ, ಅಲ್ವಾ?

ಆ ದಿನ ಒಂದು ಮಾಡೆಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದೆ. 13 ವರ್ಷದ ಹುಡುಗನದು. ಮುಂದಿನ ಎರಡು ಹಲ್ಲಿನ ಪಕ್ಕದ ಒಂದು ಹಲ್ಲು ಅಕ್ಕಿಕಾಳಿನ ಹಾಗೆ ಸಣ್ಣದು, ಚೂಪು. ಹೆಸರು ಉಜ್ಜಿ ತೆಗೆದು, ಹಳೆಯ ಕ್ಯಾಲಿಪರ್ ಹುಡುಕಿ ಕಿಟಕಿ ಪಕ್ಕ ಕೂತು 12 ಹಲ್ಲನ್ನೂ ಅಳೆದೆ. ಆದರೆ ಬೋಲ್ಟನ್ ಲೆಕ್ಕ ಹಾಕಲು ಆಗಲಿಲ್ಲ. ನನಗೆ ಸಿಕ್ಕಿದ್ದು ಮೇಲಿನ ದವಡೆ ಮಾತ್ರ. ಕೆಳಗಿನದು ಸೈಕಲ್ ಸ್ಟ್ಯಾಂಡಿನ ಹಿಂದೆ ಮಣ್ಣಿನಡಿ ಇದೆ.

– ಒಬ್ಬ ನಿವೃತ್ತ ಡೆಂಟಲ್ ಮೆಕ್ಯಾನಿಕ್, ತರೀಕೆರೆ