ಬೋಟಿನ ಇಂಜಿನ್ ರೂಮಿಗೆ ಗಾಳಿ: ಅಳಿಯನಿಗೊಂದು ಪತ್ರ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಟ್ಟಿಸುತ್ತಿರುವ ಟ್ರಾಲರ್ ಬೋಟಿನ ಇಂಜಿನ್ ರೂಮಿನ ನಕ್ಷೆ ತಲುಪಿತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳೊಳಗೆ ಕೆಲಸವನ್ನೆಲ್ಲ ಮುಗಿಸಿ ಆಗಸ್ಟ್‌ನಲ್ಲಿ ಮಲ್ಪೆಯಿಂದ ಕಡಲಿಗಿಳಿಯಬೇಕೆಂಬ ನಿನ್ನ ಆತುರ ಸಹಜವೇ. ಆದರೆ ಇಂಜಿನ್, ಗೇರ್‌ಬಾಕ್ಸ್, ಡೀಸೆಲ್ ಟ್ಯಾಂಕುಗಳಿಗೆ ಇಂಚಿಂಚು ಲೆಕ್ಕ ಹಾಕಿರುವ ನೀನು, ಗಾಳಿಯ ಪಾಲಿಗೆ 15 ಸೆಂಟಿಮೀಟರ್ ಚದರದ ಒಂದೇ ಕಿಂಡಿಯನ್ನೂ ಹೊರಕ್ಕೆ ಎಳೆಯುವ ಒಂದು ಫ್ಯಾನನ್ನೂ ಬಿಟ್ಟರೆ ಬೇರೇನನ್ನೂ ಇಟ್ಟಿಲ್ಲ. ಡೆಕ್ಕು ಮುಚ್ಚುವ ಮೊದಲೇ ಇದನ್ನು ತಿದ್ದಬೇಕು. ಇಂಜಿನ್ ಕೂರಿಸಿದ ಮೇಲೆ ತಗಡು ಕತ್ತರಿಸುವುದು ಇಮ್ಮಡಿ ಖರ್ಚು, ಇಮ್ಮಡಿ ತೊಂದರೆ.

ಲೆಕ್ಕವನ್ನು ನೀನೇ ಮಾಡಿ ನೋಡು. ಡೀಸೆಲ್ ಇಂಜಿನ್ ಪೂರ್ಣ ಭಾರದಲ್ಲಿ ದುಡಿಯುವಾಗ, ಇಂಧನ ಉರಿಸುವುದಕ್ಕೇ ಪ್ರತಿ ಕಿಲೋವ್ಯಾಟ್‌ಗೆ ನಿಮಿಷಕ್ಕೆ ಸುಮಾರು 0.1 ಘನಮೀಟರ್ ಗಾಳಿ ಬೇಕು. ನಿನ್ನದು 270 ಅಶ್ವಶಕ್ತಿ, ಅಂದರೆ ಸುಮಾರು 200 ಕಿಲೋವ್ಯಾಟ್. ಹಾಗಾಗಿ ನಿಮಿಷಕ್ಕೆ 20 ಘನಮೀಟರ್. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ನಿನ್ನ ಇಂಜಿನ್ ರೂಮಿನ ಗಾಳಿಯನ್ನೆಲ್ಲ ಅದು ಒಂದು ನಿಮಿಷ ಚಿಲ್ಲರೆಯಲ್ಲಿ ಕುಡಿದು ಮುಗಿಸುತ್ತದೆ. ಇಂಜಿನ್ನಿನ ಮೈಯಿಂದಲೂ ಎಕ್ಸಾಸ್ಟ್ ಕೊಳವೆಯಿಂದಲೂ ಆಲ್ಟರ್ನೇಟರಿನಿಂದಲೂ ಹೊರಡುವ ಕಾವನ್ನು ಹೊತ್ತೊಯ್ಯಲು ಕನಿಷ್ಠ ಮತ್ತೂ ಅಷ್ಟೇ ಗಾಳಿ ಬೇಕೆಂದಿಟ್ಟುಕೊಂಡರೆ ಒಟ್ಟು 40 ಘನಮೀಟರ್ ಆಯಿತು. ಅದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಒಳಬರಬೇಕಾದರೆ ಸುಮಾರು 1,330 ಚದರ ಸೆಂಟಿಮೀಟರ್ ಬಾಯಿ ಬೇಕು; ಜಾಲರಿ ಮತ್ತು ಲೂವರಿನ ಓರೆ ಪಟ್ಟಿಗಳು ನುಂಗುವ ಜಾಗವನ್ನು ಕಳೆದು ಉಳಿಯುವ ಲೆಕ್ಕವಿದು. ನಿನ್ನ ಕಿಂಡಿ ಇರುವುದು 225 ಚದರ ಸೆಂಟಿಮೀಟರ್.

ಹೊರಕ್ಕೆ ಎಳೆಯುವ ಫ್ಯಾನು ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಇಂಜಿನ್ನೂ ಫ್ಯಾನೂ ಒಂದೇ ಕೋಣೆಯ ಗಾಳಿಗಾಗಿ ಎಳೆದಾಡುತ್ತವೆ, ಒಳಗಿನ ಒತ್ತಡ ತಗ್ಗುತ್ತದೆ, ಎಕ್ಸಾಸ್ಟ್ ಜೋಡಣೆಯಲ್ಲಿ ಎಲ್ಲಾದರೂ ಸೋರಿಕೆಯಿದ್ದರೆ ಹೊಗೆ ಹೊರಗೆ ಹೋಗುವ ಬದಲು ಡ್ರೈವರ್ ನಿಲ್ಲುವ ಜಾಗಕ್ಕೇ ಬರುತ್ತದೆ. ದೊಡ್ಡ ಫ್ಯಾನು ಒಳಕ್ಕೆ ಊದಲಿ. ಅದರ ಕೊಳವೆ ಇಂಜಿನ್ನಿನ ಬುಡದವರೆಗೆ ಇಳಿಯಲಿ, ಬೋಟಿನ ತಳದಲ್ಲಿ ನಿಲ್ಲುವ ಬಿಲ್ಜ್ ನೀರಿನ ಮೇಲೆ ಮಾತ್ರ ಬಾಯಿ ತೆರೆಯದಿರಲಿ. ಬಿಸಿಗಾಳಿಯ ದಾರಿ ಎದುರು ತುದಿಯಲ್ಲಿ, ಚಾವಣಿಗೆ ತಾಗಿ ಇರಲಿ. ಎರಡೂ ಬಾಯಿಗಳು ಅಕ್ಕಪಕ್ಕದಲ್ಲಿದ್ದರೆ ಬಂದ ಗಾಳಿ ಇಂಜಿನ್ನನ್ನು ಮುಟ್ಟದೆಯೇ ಹೊರಟುಹೋಗುತ್ತದೆ. ಪರೀಕ್ಷೆಗೆ ಒಂದು ಪಾರದರ್ಶಕ ಕೊಳವೆಯನ್ನು ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡೆಕ್ಕಿನ ಮೇಲಕ್ಕೆ ಬಿಡು; ಬಾಗಿಲೆಲ್ಲ ಮುಚ್ಚಿ ಇಂಜಿನ್ ಪೂರ್ಣ ವೇಗದಲ್ಲಿ ಓಡುವಾಗ ಎರಡು ಕಡೆಯ ನೀರಿನ ಮಟ್ಟದ ಅಂತರ ಒಂದು ಸೆಂಟಿಮೀಟರ್ ದಾಟಿದರೆ ಬಾಯಿ ಸಾಲದು ಎಂದೇ ತಿಳಿ. 32 ಡಿಗ್ರಿಯ ಗಾಳಿ ಒಳಗೆ 52 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇಕಡಾ 6ರಷ್ಟು ಇಳಿಯುತ್ತದೆ, ಇಂಜಿನ್ನಿಗೆ ಸಿಗುವ ಗಾಳಿ ಅಷ್ಟು ಕಡಿಮೆಯಾಗುತ್ತದೆ. ಬಲೆ ಎಳೆಯುವ ಹೊತ್ತಿನಲ್ಲಿ ಕಪ್ಪು ಹೊಗೆ ಬರುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ. ಜನ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನೇ ಬಿಚ್ಚುತ್ತಾ ಕೂರುತ್ತಾರೆ.

ಇನ್ನು ಏರ್ ಫಿಲ್ಟರ್. ಕಡಲಿನಲ್ಲಿ ಧೂಳೆಲ್ಲಿ ಎಂದು ಅದನ್ನು ಕಳಚಿಟ್ಟು ಓಡಿಸುವವರಿದ್ದಾರೆ, ಅವರ ಮಾತು ಕೇಳಬೇಡ. ಇಂಜಿನ್ ರೂಮಿನಲ್ಲಿ ಬೆಲ್ಟ್ ಸವೆದ ಕಪ್ಪು ಪುಡಿ, ಇನ್ಸುಲೇಶನ್ನಿನ ಎಳೆ, ಒರೆಸುವ ಬಟ್ಟೆಯ ನೂಲು ಎಲ್ಲವೂ ಇರುತ್ತವೆ, ಮತ್ತು ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋದ ಚಕ್ರ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಉಪ್ಪುನೀರಿನ ಹನಿ ಒಳಹೊಕ್ಕರೆ ಆ ಚಕ್ರದ ಅಲ್ಯೂಮಿನಿಯಮ್ಮನ್ನೂ ಒತ್ತಿದ ಗಾಳಿಯನ್ನು ತಂಪಾಗಿಸುವ ಆಫ್ಟರ್‌ಕೂಲರಿನ ರೆಕ್ಕೆಗಳನ್ನೂ ತಿನ್ನುತ್ತದೆ. ಹಾಗೆಂದು ಉಪ್ಪುನೀರನ್ನು ತಡೆಯುವ ಹೊಣೆಯನ್ನು ಫಿಲ್ಟರಿಗೆ ಹೊರಿಸಬಾರದು. ಕಾಗದದ ಫಿಲ್ಟರ್ ಒದ್ದೆಯಾದರೆ ಉಬ್ಬಿ ಉಸಿರುಗಟ್ಟುತ್ತದೆ. ಡೆಕ್ಕಿನ ಬಾಯಿಯಲ್ಲೇ, ನೀರು ತಡೆಗೆ ಬಡಿದು ಕೆಳಗಿನ ತೂತಿನಿಂದ ಹೊರಹರಿಯುವಂಥ ಪೆಟ್ಟಿಗೆಯನ್ನು ಮಾಡಿಸು, ಅದರ ಮುಖ ಬೋಟಿನ ಹಿಂಭಾಗಕ್ಕಿರಲಿ. ಕ್ರ್ಯಾಂಕ್‌ಕೇಸ್ ಬ್ರೀದರಿನ (ಇಂಜಿನ್ನಿನ ಒಳಗಿನ ಹಬೆಯನ್ನು ಹೊರಬಿಡುವ ಕಿಂಡಿಯ) ಎಣ್ಣೆಹಬೆ ಫಿಲ್ಟರಿಗೆ ಮೆತ್ತಿಕೊಳ್ಳದಂತೆ ಎಣ್ಣೆ ಬೇರ್ಪಡಿಸುವ ಸಾಧನ ಹಾಕಿಸು.

ಫಿಲ್ಟರಿಗಿಂತ ನನಗೆ ಹೆಚ್ಚು ಚಿಂತೆ ಅದಕ್ಕೂ ಟರ್ಬೋಗೂ ನಡುವಿನ ರಬ್ಬರ್ ಕೊಳವೆಯದು. ಅಲ್ಲಿ ಕ್ಲಾಂಪ್ ಸಡಿಲವಾದರೆ ಎಂಥ ಬೆಲೆಬಾಳುವ ಫಿಲ್ಟರಿದ್ದರೂ ವ್ಯರ್ಥ. ಒಳಮೈಯನ್ನು ಬಿಳಿಬಟ್ಟೆಯಿಂದ ಆಗಾಗ ಒರೆಸಿ ನೋಡು. ಜೋಡಣೆಯ ಅಂಚಿನಲ್ಲಿ ಮಸಿಗೆರೆ ಕಂಡರೆ ಸೋರುತ್ತಿದೆ. ಅದೇ ಕೊಳವೆಗೆ, ಗಾಳಿಗೆ ಎಷ್ಟು ತಡೆಯಾಗುತ್ತಿದೆ ಎಂದು ತೋರಿಸುವ ರಿಸ್ಟ್ರಿಕ್ಷನ್ ಗೇಜ್ ಹಾಕಿಸಿ, ಇಂಜಿನ್ನಿನ ಕೈಪಿಡಿ ಹೇಳುವ ಮಿತಿ ಮುಟ್ಟಿದಾಗ ಫಿಲ್ಟರ್ ಬದಲಿಸು. ಕಂಪ್ರೆಸರ್ ಗಾಳಿ ಊದಿ ಕಾಗದವನ್ನು ಮತ್ತೆ ಬಳಸುವುದು ಬೇಡ, ಕಣ್ಣಿಗೆ ಕಾಣದ ಸೀಳು ಬಿಡುತ್ತದೆ.

ಕೊನೆಯದಾಗಿ, ಒಳಗೆ ಇಳಿಯದೆ ಡೆಕ್ಕಿನ ಮೇಲಿಂದಲೇ ಮುಚ್ಚಬಲ್ಲ ತಗಡಿನ ಬಾಗಿಲು ಪ್ರತಿಯೊಂದು ಗಾಳಿಬಾಯಿಗೂ ಇರಲಿ, ಫ್ಯಾನಿನ ಸ್ವಿಚ್ಚೂ ಮೇಲೆಯೇ ಇರಲಿ. ಬೆಂಕಿ ಬಿದ್ದಾಗ ಇಷ್ಟು ದೊಡ್ಡ ಬಾಯಿಗಳು ತೆರೆದೇ ಇದ್ದರೆ ಅದನ್ನು ನಂದಿಸಲು ಒಳಗೆ ಬಿಟ್ಟ ಕಾರ್ಬನ್ ಡೈಆಕ್ಸೈಡ್ ನಿಲ್ಲುವುದಿಲ್ಲ. ತಾಂಡೇಲನೂ (ಬೋಟಿನ ಮುಖ್ಯಸ್ಥ) ಡ್ರೈವರನೂ ಕತ್ತಲಲ್ಲಿ ಕೈತಡಕಿ ಅವನ್ನು ಮುಚ್ಚುವಷ್ಟು ರೂಢಿ ಮಾಡಿಸು. ತಿದ್ದಿದ ನಕ್ಷೆಯನ್ನು ವೆಲ್ಡಿಂಗ್ ಆರಂಭಿಸುವ ಮೊದಲು ನನಗೆ ಕಳುಹಿಸು.

ಇಂತಿ,
ನಿನ್ನ ಸೋದರಮಾವ